ಗಿರ್ಲು ಮೀನು ಕಿರ್ ಕಿರ್ ಅನ್ನುವುದೇಕೆ

ಆಗ ಭೂಮಿ ಇನ್ನೂ ಹಸಿಹಸಿಯಾಗಿತ್ತು, ಪುಟ್ಟಿ. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು. ಹೊಳೆಗೆ ಹರಿಯುವುದೇ ಹೊಸದು. ಅಂಥ ಕಾಲದಲ್ಲಿ ಲೋಕಕ್ಕೆ ಮೊದಲ ಬೇಸಿಗೆ ಬಂತು.

ಹೊಳೆ ದಿನದಿನಕ್ಕೂ ಸಣ್ಣಗಾಯಿತು. ತನ್ನ ಮೇಲೆ ಹರಿಗೋಲು ನಡೆಸುತ್ತಿದ್ದ ದುರುಗವ್ವನನ್ನು ಕರೆದು ಹೇಳಿತು: "ದುರುಗವ್ವಾ, ನಾನು ಮೋಡಗಳನ್ನ ಹುಡುಕ್ಕೊಂಡು ಹೋಗ್ತೀನಿ. ನನ್ನ ಮಗ ಬಾಳೆಮೀನನ್ನ ನಾನು ಬರೋವರೆಗೂ ನೋಡ್ಕೋತೀಯಾ?"

"ನೋಡ್ಕೋತೀನಿ, ತಾಯಿ."

ಬಾಳೆಮೀನು ಅಂದರೆ ಬಾಳೆಲೆಯಷ್ಟು ಉದ್ದ. ಬಾಯಿಯೋ, ಕಣ್ಣಿನಾಚೆಗೂ ಸೀಳಿದ ಬಾಯಿ. ದುರುಗವ್ವ ಅವನನ್ನು ಒದ್ದೆ ಸೀರೆಯಲ್ಲಿ ಸುತ್ತಿ ತಂದು, ಬಂಡೆಗಳ ನಡುವೆ ಒರತೆಯಿದ್ದ ಹೊಂಡಕ್ಕೆ ಬಿಟ್ಟಳು.

ಅವನು ಹೊಂಡ ಸುತ್ತಿದ. ಮತ್ತೆ ಸುತ್ತಿದ. ಬಂಡೆಗೆ ಮೂತಿ ಬಡಿದುಕೊಂಡ, ತಿರುಗಿದ, ಮತ್ತೆ ಸುತ್ತಿದ. ಸೀಗಡಿ ಹಾಕಿದರೆ ಮೂಸಿಯೂ ನೋಡಲಿಲ್ಲ.

"ಒಂದು ಗಳಿಗೆ ನಿಲ್ಲಬಾರದೇನಪ್ಪಾ?"

"ನಿಂತರೆ ಯಾರೂ ಇಲ್ಲ ಅನ್ನೋದು ಗೊತ್ತಾಗುತ್ತೆ, ಅವ್ವಾ" ಅಂದ ಬಾಳೆಮೀನು. ನಿಲ್ಲಲಿಲ್ಲ.

ದುರುಗವ್ವ ಬೆರಳುದ್ದದ ಮರಿಮೀನುಗಳನ್ನು ತಂದು ಬಿಟ್ಟಳು. ಸಂಜೆಯವರೆಗೂ ಎಲ್ಲರೂ ಕೂಡಿ ಆಡಿದರು. ಬೆಳಿಗ್ಗೆ ನೋಡಿದರೆ ಹೊಂಡದಲ್ಲಿ ಅವನೊಬ್ಬನೇ!

"ಬೇಕು ಅಂತ ಮಾಡ್ಲಿಲ್ಲ, ಅವ್ವಾ. ಆಡ್ತಾ ಆಡ್ತಾ ಒಬ್ಬ ಮುಂದೆ ಹಾದ. ಬಾಯಿ ತಾನಾಗೇ ತೆರೆದುಕೊಳ್ತು. ಆಮೇಲೆ ಇನ್ನೊಬ್ಬ ಹಾದ..." ಅವನು ಮೊದಲಿಗಿಂತ ಜೋರಾಗಿ ಸುತ್ತತೊಡಗಿದ.

'ಬಾಯಲ್ಲಿ ಹಿಡಿಸದಷ್ಟು ದೊಡ್ಡವನೇ ಬೇಕು' ಅಂದುಕೊಂಡು ದುರುಗವ್ವ ಅವನಷ್ಟೇ ದೊಡ್ಡ ಕೊರವ ಮೀನನ್ನು ತಂದಳು. "ಇದು ನನ್ನ ಜಾಗ!" ಅಂದ ಇವನು. "ಅಲ್ಲ, ನನ್ನದು!" ಅಂದ ಅವನು. ಇಬ್ಬರ ರೆಕ್ಕೆಗಳೂ ಹರಿದುಹೋದವು. ದುರುಗವ್ವ ಕೋಲು ಹಾಕಿ ಬಿಡಿಸಿ, ಕೊರವನನ್ನು ಅವನ ಮಡುವಿಗೇ ಒಯ್ದಳು.

ಅವಳ ಚಿಂತೆ ನೋಡಿ ಗಾಳಿ ಹೇಳಿತು: "ಹೊಳೆ ಬತ್ತಿದ ಆ ಕೆಸರಲ್ಲಿ ಗಿರ್ಲು ಮೀನು ಒದ್ದಾಡ್ತಿದೆ. ಯಾರ ತಂಟೆಗೂ ಹೋಗೋದಲ್ಲ. ಕೇಳಿ ನೋಡು."

ಗಿರ್ಲು ಆಗ ನುಣ್ಣಗಿತ್ತು. "ನನಗೂ ನೀರು ಬೇಕು. ಅವನು ಮೇಲಿರಲಿ, ನಾನು ತಳದಲ್ಲಿರ್ತೀನಿ" ಅಂದಿತು. "ಆದರೆ ನುಂಗಿಬಿಟ್ಟರೆ?"

ಮಾತು ಕೇಳಿಸಿಕೊಂಡ ಜಾಲಿಮರ ಮೂರು ಮುಳ್ಳು ಕೊಟ್ಟಿತು. ಬೆನ್ನಿಗೊಂದು, ಎರಡೂ ಪಕ್ಕಕ್ಕೆ ಒಂದೊಂದು. "ಹೆದರಿಕೆಯಾದಾಗ ನಿಗುರಿಸು. ಉಳಿದ ಹೊತ್ತು ಮಡಚಿಕೋ."

ಹೊಂಡಕ್ಕೆ ಬಿಟ್ಟದ್ದೇ ತಡ, ಬಾಳೆಮೀನಿನ ಬಾಯಿ ತಾನಾಗೇ ತೆರೆಯಿತು. ಗಿರ್ಲು ಒಳಗೆ ಹೋಯಿತು. ಮುಳ್ಳು ನಿಗುರಿದವು. ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ! ಬಾಳೆಮೀನು ನೀರನ್ನೆಲ್ಲ ಕಲಕುತ್ತ ಹೊರಳಾಡಿದ. ಉಸಿರು ಕಟ್ಟಿತು.

ದುರುಗವ್ವ ನೀರಿಗೆ ಧುಮುಕಿದಳು. "ಗಿರ್ಲೂ, ಮುಳ್ಳು ಮಡಚು! ಅವನು ಸಾಯ್ತಾನೆ!"

"ಮಡಚಿದರೆ ನಾನು ಸಾಯ್ತೀನಿ!"

ದುರುಗವ್ವ ಆ ಬಾಯೊಳಗೆ ತನ್ನ ಕೈಯನ್ನೇ ತೂರಿಸಿದಳು. ಹಲ್ಲು ನೆಟ್ಟು ರಕ್ತ ಬಂತು. "ನನ್ನ ಕೈ ಅಡ್ಡ ಇದೆ. ಅದನ್ನ ಮುರೀದೆ ನಿನ್ನನ್ನ ನುಂಗೋಕಾಗಲ್ಲ. ಈಗ ಮಡಚು."

ಗಿರ್ಲು ಮುಳ್ಳು ಮಡಚಿತು. ಮುಳ್ಳು ಅದರದೇ ಮೂಳೆಗೆ ಉಜ್ಜಿ 'ಕಿರ್ ಕಿರ್' ಅಂದಿತು. ಗಿರ್ಲು ಮೆಲ್ಲಗೆ ಹೊರಗೆ ಜಾರಿತು.

ಬಾಳೆಮೀನು ಬಹಳ ಹೊತ್ತು ಏದುಸಿರು ಬಿಟ್ಟ. ಅವ್ವನ ಕೈ ನೋಡಿ ತಲೆ ತಗ್ಗಿಸಿದ. ಆಮೇಲೆ ಗಿರ್ಲಿಗೆ ಹೇಳಿದ: "ಆ ಸದ್ದು ಮಾಡ್ತಾ ಇರು, ಮಾರಾಯಾ. ಅದು ಕೇಳಿದರೆ ನೀನೇ ಅಂತ ಗೊತ್ತಾಗುತ್ತೆ. ಬಾಯಿ ಮುಚ್ಕೋತೀನಿ."

ಅವತ್ತಿನಿಂದ ಒಬ್ಬ ಮೇಲೆ, ಒಬ್ಬ ತಳದಲ್ಲಿ. ಬಾಳೆಮೀನು ಆಗಲೂ ಸುತ್ತುತ್ತಿದ್ದ. ಆದರೆ ಕೆಳಗಿಂದ 'ಕಿರ್' ಅಂದಾಗ ಒಂದು ಗಳಿಗೆ ನಿಲ್ಲುತ್ತಿದ್ದ. ಸೀಗಡಿಯನ್ನೂ ತಿಂದ. ಮೋಡಗಳನ್ನು ಕರೆದುಕೊಂಡು ಹೊಳೆ ಕೆಂಪಗೆ ವಾಪಸು ಬಂದಾಗ, ಇಬ್ಬರೂ ಒಟ್ಟಿಗೇ ಅದರೊಳಗೆ ಇಳಿದುಹೋದರು.

ಅದಕ್ಕೇ ಪುಟ್ಟಿ, ಗಿರ್ಲು ಮೀನನ್ನು ನೀರಿನಿಂದ ಎತ್ತಿದರೆ ಇವತ್ತಿಗೂ ಅದು ಮೂರು ಮುಳ್ಳು ನಿಗುರಿಸಿ, ನಿನ್ನ ಅಂಗೈಯನ್ನೂ ಯಾವುದೋ ದೊಡ್ಡ ಬಾಯಿ ಅಂದುಕೊಂಡು, 'ಕಿರ್ ಕಿರ್, ನಾನು ಕಣೋ, ನಾನು' ಅನ್ನುತ್ತದೆ.