ಬಟ್ಟೆ ವ್ಯಾಪಾರಿಯ ಸರದಿ

"ನ್ಯಾಯವಾಗಿ ನನ್ನ ಸರದಿಗೆ ಬಂದದ್ದನ್ನು ಪೂರ್ತಿ ನಾನೇ ಇಟ್ಟುಕೊಂಡರೆ ತಪ್ಪೇನು, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳ ಹುಬ್ಬು ಗಂಟಿಕ್ಕಿತು. "ಕೂತುಕೋ," ಎಂದು ಕತೆ ಹೇಳತೊಡಗಿದರು.

ಒಬ್ಬ ಗಾರೆಯವನು ಕೆಲಸದಲ್ಲಿದ್ದಾಗ ಕಟ್ಟಡದಿಂದ ಬಿದ್ದ. ಮಿದುಳು ಸತ್ತಿತು, ಎದೆ ಮಾತ್ರ ಯಂತ್ರದ ಬಲದಿಂದ ಬಡಿಯುತ್ತಿತ್ತು. ಅವನ ಹೆಂಡತಿ ವೈದ್ಯನಿಗೆ ಹೇಳಿದಳು, "ಇವರ ಅಂಗಾಂಗ ಎಷ್ಟು ಜನಕ್ಕೆ ಆಗುತ್ತದೋ ಅಷ್ಟು ಜನಕ್ಕೆ ಕೊಡಿ." ಅಷ್ಟು ಹೇಳಿ ಹೊರಗೆ ಹೋಗಿ ಅತ್ತಳು.

ಯಕೃತ್ತಿಗಾಗಿ ಕಾಯುತ್ತಿದ್ದವರಲ್ಲಿ ಮೊದಲ ಸರದಿ ಒಬ್ಬ ಬಟ್ಟೆ ವ್ಯಾಪಾರಿಯದು. ಅದೇ ಆಸ್ಪತ್ರೆಯಲ್ಲಿ ಒಬ್ಬ ಕುಂಬಾರನ ಎರಡು ವರ್ಷದ ಮಗಳೂ ಇದ್ದಳು. ತಾಯಿ ಇರಲಿಲ್ಲ. ಅಪ್ಪನ ಯಕೃತ್ತು ಹೊಂದಲಿಲ್ಲ. ಅವಳು ಇನ್ನೊಂದು ವಾರ ಕಳೆಯುವುದು ಕಷ್ಟವೆಂದು ವೈದ್ಯನಿಗೆ ಗೊತ್ತಿತ್ತು. ಅವನು ವ್ಯಾಪಾರಿಯ ಬಳಿ ಹೋದ.

"ಯಜಮಾನರೇ, ಲಿವರನ್ನು ಎರಡು ಮಾಡಬಹುದು. ಬಲಗಡೆಯ ದೊಡ್ಡ ಭಾಗ ನಿಮಗೆ. ಎಡಗಡೆಯ ಚಿಕ್ಕದು ಒಂದು ಮಗುವಿಗೆ. ನೀವು ಒಪ್ಪಬೇಕು."

"ಸರದಿ ಯಾರದು?"

"ನಿಮ್ಮದೇ."

"ಎರಡು ಮಾಡಿದರೆ ನನಗೆ ಅಪಾಯ ಹೆಚ್ಚೋ?"

"ಸ್ವಲ್ಪ ಹೆಚ್ಚು. ಸುಳ್ಳು ಹೇಳುವುದಿಲ್ಲ. ಆದರೆ ಇಬ್ಬರೂ ಉಳಿಯಬಹುದು."

ವ್ಯಾಪಾರಿ ನಕ್ಕ. "ನಲವತ್ತು ವರ್ಷ ಬಟ್ಟೆ ಹರಿದು ಮಾರಿದವನು ನಾನು, ಡಾಕ್ಟ್ರೇ. ಥಾನಿನ ಕೊನೆಯ ತುಂಡನ್ನು ಎಂಥವರ ತಲೆಗೆ ಕಟ್ಟುತ್ತಾರೆ ಅಂತ ನನಗೆ ಹೇಳಿಕೊಡಬೇಡಿ."

"ಬಟ್ಟೆ ಬೆಳೆಯುವುದಿಲ್ಲ. ಇದು ಬೆಳೆಯುತ್ತದೆ. ಕೆಲವೇ ತಿಂಗಳಲ್ಲಿ ನಿಮ್ಮ ಹೊಟ್ಟೆಗೆ ಬೇಕಾದಷ್ಟಾಗುತ್ತದೆ."

"ಪೂರ್ತಿ ಬಂದಿರುವಾಗ ಬೆಳೆಯುವ ತನಕ ನಾನೇಕೆ ಕಾಯಲಿ? ಇಡಿಯಾಗಿ ಹಾಕಿ."

ವೈದ್ಯ ರೋಗಿಯನ್ನು ಬೈಯುವಂತಿಲ್ಲ. ನಿಯಮವೆಲ್ಲ ವ್ಯಾಪಾರಿಯ ಕಡೆಗಿತ್ತು. ಆ ನಿಯಮದ ಮುಖಕ್ಕೆ ಉಗಿಯಬೇಕೆನಿಸಿತು ವೈದ್ಯನಿಗೆ. ಉಗಿಯಲಿಲ್ಲ. ಹೊರಗೆ ಬಂದ.

ಬೆಂಚಿನ ಮೇಲೆ ಕುಂಬಾರ ಕೂತಿದ್ದ. ತೊಡೆಯ ಮೇಲೆ ಮಗು. ಕಣ್ಣು ಅರಿಸಿನದ ಹಾಗೆ ಹಳದಿ. ಆಪರೇಷನ್ ಆದರೂ ಆದೀತೆಂದು ಬೆಳಗಿನಿಂದ ಅದಕ್ಕೆ ಏನನ್ನೂ ಕೊಡಬಾರದೆಂದಿದ್ದರು. ಹಸಿವಿಗೆ ಅತ್ತು ಅತ್ತು ಅದು ಸುಮ್ಮನಾಗಿತ್ತು.

ವೈದ್ಯ ಅದರ ತಲೆ ಮುಟ್ಟಿದ. "ಮಗುವಿಗೆ ಹಾಲು ಕೊಡಪ್ಪ," ಎಂದ.

"ಹಾಲು ಕೊಟ್ಟರೆ ಆಪರೇಷನ್ ಆಗಲ್ಲ ಅಂದಿದ್ದರಲ್ಲ, ಸ್ವಾಮಿ?"

ವೈದ್ಯ ಮಗುವಿನ ತಲೆಯಿಂದ ಕೈ ತೆಗೆದ. ಕುಂಬಾರನಿಗೆ ತಿಳಿಯಿತು. ಅವನು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಾಲು ಹುಡುಕಿಕೊಂಡು ಹೋದ. ವೈದ್ಯ ಒಳಗೆ ಹೋಗಿ ಕೈ ತೊಳೆದ. ಇಡೀ ಯಕೃತ್ತನ್ನು ವ್ಯಾಪಾರಿಯ ಹೊಟ್ಟೆಯೊಳಗಿಟ್ಟು ಹೊಲಿದ. ಒಂದು ಹೊಲಿಗೆಯೂ ತಪ್ಪಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ, "ವ್ಯಾಪಾರಿ ಉಳಿದುಕೊಂಡನೇ, ಗುರುಗಳೇ?"

"ಮಗುವಿನ ಬಗ್ಗೆ ನೀನೂ ಕೇಳಲಿಲ್ಲ," ಎಂದರು ಗುರುಗಳು.