ದಾರ ಬಿಚ್ಚದ ಪುಸ್ತಕಗಳು

"ಬುದ್ಧಿ, ಓದುವ ಹುಡುಗಿ ಓದುವುದನ್ನೇ ಬಿಟ್ಟರೆ ಏನು ಮಾಡಬೇಕು?" ಎಂದು ಗುರುಮಲ್ಲಪ್ಪ ಮೇಷ್ಟ್ರು ಮಠದ ಗುರುಗಳನ್ನು ಕೇಳಿದರು.

ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಪ್ರತಿ ಬೇಸಿಗೆ ರಜೆಯನ್ನೂ ಮಠದ ಸೇವೆಯಲ್ಲೇ ಕಳೆಯುತ್ತಿದ್ದರು. ಹದಿನಾಲ್ಕು ವರ್ಷದ ಮಗಳು ಊರಲ್ಲಿ ಸೋದರತ್ತೆಯ ಜೊತೆ ಇರುತ್ತಿದ್ದಳು. ಅವಳಿಗೆ ಬೇಸರವಾಗದಿರಲೆಂದು ಮೇಷ್ಟ್ರು ಒಂದು ಪಂಥ ಕಟ್ಟಿದ್ದರು. ರಜೆ ಮುಗಿಯುವುದರೊಳಗೆ ಇಷ್ಟು ಪುಸ್ತಕ ಓದಿ ಮುಗಿಸಬೇಕು. ಹೋದ ವರ್ಷ ಇಪ್ಪತ್ತೈದು ಓದಿದವಳು ಈ ವರ್ಷ ಒಂದನ್ನೂ ಮುಟ್ಟಿಲ್ಲವೆಂದು ಸೋದರತ್ತೆಯ ಫೋನು ಬಂದಿತ್ತು. ಮೇಷ್ಟ್ರು ಹೊಸ ಪಂಥದ ಪಟ್ಟಿಯನ್ನೇ ಬರೆದುಕೊಂಡು ಬಂದಿದ್ದರು. ಸೈಕಲ್ ಬಹುಮಾನ ಇಟ್ಟರೆ ಹೇಗೆ ಎಂಬುದೂ ಅದರಲ್ಲಿತ್ತು.

ಗುರುಗಳು ಪಟ್ಟಿಯನ್ನು ನೋಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಮಳೆಗಾಲದಲ್ಲಿ ಗಾಡಿ ಕೆಸರಿನಲ್ಲಿ ಹೂತುಕೊಳ್ಳುತ್ತದೆಂದು ಬೇಸಿಗೆಯಲ್ಲೇ ಊರೂರು ತಿರುಗುತ್ತಿದ್ದ. ಮನೆಯಲ್ಲಿ ತಾಯಿಯಿಲ್ಲದ ಮಗಳೊಬ್ಬಳು, ಅಡುಗೆಗೊಬ್ಬ ಮುದುಕಿ. ಒಂದು ವರ್ಷ ಹೊರಡುವಾಗ ಮಗಳು ಗಾಡಿಯ ಚಕ್ರ ಹಿಡಿದು ನಿಂತುಬಿಟ್ಟಳು. ವ್ಯಾಪಾರಿ ಹತ್ತು ಪುಸ್ತಕ ಅವಳ ಕೈಗಿಟ್ಟು, ಇವು ಮುಗಿಯುವಷ್ಟರಲ್ಲಿ ಬಂದುಬಿಡುತ್ತೇನೆ ಎಂದ. ಹೊರಡುವ ಹೊತ್ತಿಗೆ ಎಲ್ಲರೂ ಆಡುವ ಮಾತು ಅದು. ಊರ ಗಡಿ ದಾಟುವುದರೊಳಗೆ ಅವನಿಗೆ ಮರೆತೂ ಹೋಯಿತು.

ಮಗಳು ಮರೆಯಲಿಲ್ಲ. ಹನ್ನೆರಡೇ ದಿನಕ್ಕೆ ಹತ್ತನ್ನೂ ಮುಗಿಸಿ, ಮುಖ ತೊಳೆದು, ತಲೆ ಬಾಚಿಕೊಂಡು ಜಗಲಿಯಲ್ಲಿ ಕೂತಳು. ಬಂದದ್ದೆಲ್ಲ ಬೇರೆಯವರ ಗಾಡಿಗಳು. ಎಲ್ಲೋ ಒಂದೆರಡು ಪುಟ ಹಾರಿಸಿರಬೇಕು ಎಂದುಕೊಂಡು ಮೊದಲಿನಿಂದ ಇನ್ನೊಮ್ಮೆ ಓದಿದಳು. ಮತ್ತೆ ಬಂದು ಜಗಲಿಯಲ್ಲಿ ಕೂತಳು.

ಎರಡು ತಿಂಗಳ ಮೇಲೆ ಬಂದ ಅಪ್ಪ ಎಲ್ಲವನ್ನೂ ಓದಿದ್ದಾಳೆಂದು ಬೀಗಿದ. ಇಂಥ ಮಗಳು ಯಾರಿಗಿದ್ದಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ. ಪುಸ್ತಕ ಸಾಲಲಿಲ್ಲವೆಂದು ಮುಂದಿನ ವರ್ಷ ಮೂವತ್ತು ಕೊಟ್ಟ. ಅವಳು ಹೊತ್ತುಹೊತ್ತಿನ ಊಟ ಬಿಟ್ಟು ಓದಿದಳು. ಬೇಕಾದಷ್ಟು ಪುಸ್ತಕವಿದೆಯಲ್ಲ ಎಂಬ ಧೈರ್ಯದಲ್ಲಿ ಅಪ್ಪ ಒಂದು ತಿಂಗಳು ತಡವಾಗಿಯೇ ಬಂದ. ಸಂತೆಯಲ್ಲಿ ಅವನ ಕಣ್ಣಿಗೆ ಮಣ್ಣೆರಚುವವರು ಯಾರೂ ಇರಲಿಲ್ಲ, ಅಂಥ ಜಾಣ.

ಮೂರನೆಯ ವರ್ಷ ಐವತ್ತು ಪುಸ್ತಕಕ್ಕೆ ದಾರ ಕಟ್ಟಿ ಇಟ್ಟುಹೋದ. ತಿರುಗಿ ಬಂದಾಗ ಕಟ್ಟು ಕಟ್ಟಿದ ಹಾಗೆಯೇ ಇತ್ತು. ಅವನಿಗೆ ಸಿಟ್ಟು ಬಂತು.

"ಒಂದನ್ನೂ ಓದಲಿಲ್ಲವೇನಮ್ಮ?"

"ಮುಗಿಸಿದರೂ ನೀನು ಬರುವುದಿಲ್ಲ ಅಂತ ಎರಡು ವರ್ಷ ನೋಡಿದೆ ಅಪ್ಪ. ಓದದೆ ಇಟ್ಟರೆ, ನಾನಿನ್ನೂ ಮುಗಿಸಿಲ್ಲ, ಅದಕ್ಕೇ ಅಪ್ಪ ಬಂದಿಲ್ಲ ಅಂದುಕೊಂಡು ಇರಬಹುದು."

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮೇಷ್ಟ್ರು ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಹೊರಡುವಾಗ ತಾವು ಮಗಳಿಗೆ ಏನು ಹೇಳಿ ಬಂದಿದ್ದೆವೆಂದು ನೆನಪಿಸಿಕೊಳ್ಳಲು ನೋಡಿದರು, ನೆನಪಾಗಲಿಲ್ಲ. ಹೆಂಡತಿಯಿಲ್ಲದ ಆ ಮನೆಯಲ್ಲಿ ಇರಲಾರದೆ ಅವರು ಮಠಕ್ಕೆ ಬರುತ್ತಿದ್ದರು. ಇರಲಾಗದ ಮನೆಯಲ್ಲಿ ಮಗಳನ್ನು ಬಿಟ್ಟು ಬಂದಿದ್ದೇನೆ ಎಂಬುದು ಅವರಿಗೆ ಈಗ ಹೊಳೆಯಿತು. ಆದರೂ ಕೇಳಿದರು.

"ನನ್ನ ಮಗಳು ಯಾಕೆ ಓದುತ್ತಿಲ್ಲ ಅನ್ನುವುದನ್ನೂ ನೀವೇ ಹೇಳಿಬಿಡಿ, ಬುದ್ಧಿ."

"ಐದು ಗಂಟೆಗೆ ನಿಮ್ಮೂರಿನ ಬಸ್ಸಿದೆ," ಎಂದರು ಗುರುಗಳು.