ಹನ್ನೆರಡನೆಯ ಕುರ್ಚಿ

ಕಲ್ಲುಬಾವಿಕೊಪ್ಪಲಿನ ಚರ್ಚು ಆಗ ಹೆಂಚು ಹೊದಿಸಿದ ಪುಟ್ಟ ಕಟ್ಟಡ. ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ಅದರ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದು, ಬಾವಿಯಿಂದ ತಾವೇ ನೀರು ಸೇದಿಕೊಳ್ಳುತ್ತಿದ್ದರು. ಈ ಪ್ರಸಂಗವನ್ನು ನನಗೆ ಹೇಳಿದವರು ಅಲ್ಲಿ ಉಪದೇಶಿಯಾಗಿದ್ದ ಸಂದ್ಯಾಗಪ್ಪನವರು. ಪೂಜೆಗೆ ಅಣಿಮಾಡುವುದು, ಜನರಿಗೆ ಜಪ ಕಲಿಸುವುದು ಅವರ ಕೆಲಸ. ತಮ್ಮ ತಪ್ಪನ್ನು ಇಷ್ಟು ಖುಷಿಯಿಂದ ಹೇಳಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ, ಪವಿತ್ರ ಗುರುವಾರದ ಸಂಜೆ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವ ವಿಧಿಯುಂಟು. ಆ ಊರಲ್ಲಿ ಹನ್ನೆರಡು ಕುರ್ಚಿಯೂ ದೊಡ್ಡ ಮನೆಯವರಿಗೇ ಮೀಸಲು. ಅವರೋ, ಗುರುಗಳ ಮುಂದೆ ಮಾನ ಹೋಗಬಾರದೆಂದು ಮನೆಯಲ್ಲೇ ಸೋಪು ಹಚ್ಚಿ, ಹಿಮ್ಮಡಿ ತಿಕ್ಕಿ, ಫಳಫಳ ಹೊಳೆಯುವ ಪಾದಗಳೊಂದಿಗೆ ಬರುತ್ತಿದ್ದರು. ಗುರುಗಳಿಗೆ ತೊಳೆಯಲು ಏನೂ ಉಳಿಯುತ್ತಿರಲಿಲ್ಲ!

ಆ ವರ್ಷ ಹನ್ನೆರಡರಲ್ಲಿ ಒಬ್ಬರು ಕಾಯಿಲೆ ಬಿದ್ದರು. ಸ್ವಾಮಿಗಳು ಆ ಜಾಗಕ್ಕೆ ಚೌರಪ್ಪನವರ ಹೆಸರು ಹೇಳಿದರು. ಎಳವೆಯಲ್ಲಿ ಗಾಡಿಯಡಿ ಸಿಕ್ಕಿ ಎರಡು ಕಾಲನ್ನೂ ತೊಡೆಯವರೆಗೆ ಕಳೆದುಕೊಂಡ ಚೌರಪ್ಪನವರು ಅಂಗೈ ಊರಿಕೊಂಡೇ ಓಡಾಡುತ್ತಿದ್ದರು. ಒಳಗೆ ಹೋದರೆ ಜನ ಮುಖ ಸಿಂಡರಿಸುತ್ತಾರೆಂದು ಹತ್ತೊಂಬತ್ತು ವರ್ಷದಿಂದ ಹೊರಗೆ ಮೆಟ್ಟಿಲ ಮೇಲೇ ಕೂತು ಪೂಜೆ ನೋಡುತ್ತಿದ್ದರು.

ಸಂದ್ಯಾಗಪ್ಪನವರು ಗಾಬರಿಯಿಂದ ಅಡ್ಡ ಬಂದರು. "ತೊಳ್ಯಕ್ಕೆ ಅವ್ನಿಗೆ ಪಾದಾನೇ ಇಲ್ವಲ್ಲ ಸ್ವಾಮಿ! ಊರೆಲ್ಲ ನಗ್ತದೆ. ಆ ಅವಮಾನಕ್ಕೆ ಮೆಟ್ಲಿಗೂ ಬರೋದು ಬುಟ್ಬುಡ್ತಾನೆ."

"ನೀವು ನೀರು ತುಂಬಿಸಿಡಿ" ಎಂದಷ್ಟೇ ಹೇಳಿ ಸ್ವಾಮಿಗಳು ಜಪಮಾಲೆ ಕೈಗೆತ್ತಿಕೊಂಡರು.

ಸುದ್ದಿ ಹಬ್ಬಿತು. ಸ್ವಾಮಿಗಳು ಏನನ್ನು ತೊಳೆಯುತ್ತಾರೆ? ತಲೆಯನ್ನು ಎಂದರು ಕೆಲವರು. ಸುಮ್ಮನೆ ನೀರು ಚಿಮುಕಿಸಿ ಮುಗಿಸುತ್ತಾರೆ ಎಂದರು ಇನ್ನು ಕೆಲವರು. ವರ್ಷಗಟ್ಟಲೆ ಪೂಜೆಗೆ ಬಾರದಿದ್ದವರೂ ಆ ಸಂಜೆ ಬಂದು ಕತ್ತು ಉದ್ದ ಮಾಡಿ ನಿಂತರಂತೆ. ಕೇಳುತ್ತಿದ್ದ ನನಗೂ ತಡೆಯಲಾಗದೆ, ಮುಂದೇನಾಯಿತೆಂದು ಎರಡು ಸಲ ಕೇಳಿದೆ.

ಹನ್ನೊಂದು ಜೊತೆ ಹೊಳೆಯುವ ಪಾದಗಳು ಮುಗಿದವು. ಸ್ವಾಮಿಗಳು ಕೊನೆಯ ಕುರ್ಚಿಯ ಮುಂದೆ ಮಂಡಿಯೂರಿದರು. ಸ್ವಾಮಿಗಳ ಮಾತು ಮೀರಲಾರದೆ ಒಳಗೆ ಬಂದು ಅಲ್ಲಿ ಕೂತಿದ್ದ ಚೌರಪ್ಪನವರು ತಲೆ ಎತ್ತಲೇ ಇಲ್ಲ.

"ಚೌರಪ್ಪ, ನಿನ್ನ ಚಪ್ಪಲಿ ಎಲ್ಲಪ್ಪ?" ಎಂದು ಸ್ವಾಮಿಗಳು ಕೇಳಿದರು.

"ಎಲ್ರಂಗೆ ಬಾಗ್ಲಾಚೆ ಬುಟ್ಟಿವ್ನಿ ಸ್ವಾಮಿ."

"ಯಾವುದಕ್ಕೆ ಹಾಕಿಕೊಂಡಿದ್ದೆ?"

ಚೌರಪ್ಪನವರು ಮೆಲ್ಲನೆ ಎರಡೂ ಕೈ ಚಾಚಿದರು. ಸ್ವಾಮಿಗಳು ಆ ಜಡ್ಡುಗಟ್ಟಿದ ಅಂಗೈಗಳನ್ನು ತೊಳೆದು, ಒರೆಸಿ, ಮುತ್ತಿಟ್ಟರು. ಬೋಗುಣಿಯ ನೀರು ಆ ಊರಲ್ಲಿ ಮೊದಲ ಬಾರಿಗೆ ಮಣ್ಣಿನ ಬಣ್ಣಕ್ಕೆ ತಿರುಗಿತು. ಹೂಜಿ ಹಿಡಿದು ನಿಂತಿದ್ದ ಸಂದ್ಯಾಗಪ್ಪನವರಿಗೆ ನಾಚಿಕೆಯಿಂದ ಅಳು ಬಂತು. ಹತ್ತೊಂಬತ್ತು ವರ್ಷ ಆ ಚಪ್ಪಲಿಗಳನ್ನು ಅವರು ದಾಟಿಕೊಂಡೇ ಒಳಗೆ ಹೋಗುತ್ತಿದ್ದರು.

ಪೂಜೆ ಮುಗಿದ ಮೇಲೆ ಚೌರಪ್ಪನವರು ಕುರ್ಚಿಯಿಂದಿಳಿದು ಬಾಗಿಲತ್ತ ಹೊರಟರು. ಅಷ್ಟರಲ್ಲಿ ಸಂದ್ಯಾಗಪ್ಪನವರು ಹೊರಗಿನ ರಾಶಿಯಲ್ಲಿ ಹುಡುಕಿ, ಸವೆದ ಆ ಹವಾಯಿ ಚಪ್ಪಲಿಗಳನ್ನು ಎತ್ತಿಕೊಂಡು ಬಂದರು. ದೊಡ್ಡ ಮನೆಯವರೆಲ್ಲ ನೋಡುತ್ತಿದ್ದಂತೆಯೇ ಹೊಸ್ತಿಲಲ್ಲಿ ಮಂಡಿಯೂರಿ, "ಎಲ್ಲಿ, ಪಾದ ಕೊಡಣ್ಣ" ಎಂದರು.